ಮಹಡಿ ಮೇಲಿನ ಕಾಫಿ ಮನೆ: ಲೀನಾ ಸ್ಪೆನ್ಸರ್ ಮತ್ತು ಅವರು ಉಳಿಸಿಕೊಂಡ ಜಾಗ

ಹಳೆತಂತಿ:

ಅಮೆರಿಕದ ಜನಪದ ಹಾಡಿನ ಮಾತು ಬಂದರೆ ಸಾಕು, ನಾವೆಲ್ಲ ಹಾಡಿದವರ ಹೆಸರು ಹೇಳುತ್ತೇವೆ. ಬಾಬ್ ಡಿಲನ್, ಜೋನ್ ಬಯೆಜ್, ಪೀಟ್ ಸೀಗರ್. ಅವರು ಬಂದು ಹಾಡಲಿ ಅಂತ ಬಾಗಿಲು ತೆಗೆದಿಟ್ಟುಕೊಂಡು ಕೂತವರ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಬಾಡಿಗೆ ಕಟ್ಟಿದವರು, ಕಾಫಿ ಮಾಡಿದವರು, ಹಾಡಿ ಸುಸ್ತಾದವನಿಗೆ ರಾತ್ರಿ ಊಟ ಹಾಕಿ ಮಲಗಲು ಜಾಗ ಕೊಟ್ಟವರು. ಅಂಥ ಒಬ್ಬ ಹೆಂಗಸಿನ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿತ್ತು. ಅವರ ಹೆಸರು ಲೀನಾ ಸ್ಪೆನ್ಸರ್.

ನ್ಯೂಯಾರ್ಕ್ ನಗರದಿಂದ ಉತ್ತರಕ್ಕೆ ಸುಮಾರು 300 ಕಿಲೋಮೀಟರ್ ಹೋದರೆ ಸಾರಾಟೋಗಾ ಸ್ಪ್ರಿಂಗ್ಸ್ ಅಂತ ಒಂದು ಸಣ್ಣ ಊರು ಸಿಗುತ್ತದೆ. ಖನಿಜ ನೀರಿನ ಬುಗ್ಗೆಗಳಿಗೆ ಹೆಸರಾದ ಊರು. 1863ರಿಂದ ಅಲ್ಲಿ ಕುದುರೆ ರೇಸು ನಡೆಯುತ್ತಿದೆ, ಬೇಸಿಗೆ ಬಂದರೆ ದುಡ್ಡಿದ್ದವರೆಲ್ಲ ಅಲ್ಲಿ. ಚಳಿಗಾಲದಲ್ಲಿ ಹಿಮ ಬೀಳುತ್ತದೆ, ಬೀದಿ ಖಾಲಿ. ಈ ಊರಿನ ಫಿಲಾ ಸ್ಟ್ರೀಟಿನಲ್ಲಿ, 47ನೇ ನಂಬರಿನ ಹಳೆ ಕಟ್ಟಡದ ಮಹಡಿ ಮೇಲೆ, 1960ರ ಮೇ ತಿಂಗಳಲ್ಲಿ ಬಿಲ್ ಮತ್ತು ಲೀನಾ ಎಂಬ ಗಂಡ ಹೆಂಡತಿ ಒಂದು ಕಾಫಿ ಮನೆ ತೆರೆದರು. ಹೆಸರು ಕೆಫೆ ಲೀನಾ.

ಅವರ ಲೆಕ್ಕಾಚಾರ ತುಂಬಾ ಸರಳವಾಗಿತ್ತು. ಬಿಲ್ ಶಿಲ್ಪಿ. ಲೀನಾ ಇಟಲಿಯಿಂದ ಬಂದ ಕುಟುಂಬದ ಹುಡುಗಿ, ಮ್ಯಾಸಚೂಸೆಟ್ಸಿನ ಮಿಲ್ಫರ್ಡ್ ಊರಿನವರು, ನಾಟಕದ ಹುಚ್ಚು. ಒಂದೆರಡು ವರ್ಷ ಕಾಫಿ ಮನೆ ನಡೆಸುವುದು, ಕೈಗೆ ನಾಲ್ಕು ಕಾಸು ಮಾಡಿಕೊಳ್ಳುವುದು, ಆಮೇಲೆ ಯೂರೋಪಿಗೆ ಹೋಗಿ ನೆಲೆಸುವುದು. ಅಲ್ಲಿ ಗಂಡ ಶಿಲ್ಪ ಮಾಡಬೇಕು, ಹೆಂಡತಿ ಬರೆಯಬೇಕು. ಅಷ್ಟೇ.

ಯೂರೋಪು ಆಗಲಿಲ್ಲ. ಎರಡು ವರ್ಷ ಕಳೆಯುವಷ್ಟರಲ್ಲಿ ಮದುವೆ ಮುರಿದು ಬಿಲ್ ಊರು ಬಿಟ್ಟರು. ಲೀನಾ ಕೈಯಲ್ಲಿ ಉಳಿದದ್ದು ಒಂದು ಮಹಡಿ, ಒಂದಷ್ಟು ಕುರ್ಚಿ, ಸಾಲ. ಬಾಗಿಲು ಹಾಕಿ ಹೋಗಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅವರು ಹೋಗಲಿಲ್ಲ. ಮುಂದಿನ 27 ವರ್ಷ ಅಲ್ಲೇ ಇದ್ದರು. ಇವತ್ತಿಗೂ ಅಲ್ಲಿ ಹಾಡು ನಡೆಯುತ್ತಿದೆ. ನಡುವೆ ನಿಲ್ಲದೆ ಇಷ್ಟು ಕಾಲ ನಡೆದ ಜನಪದ ಹಾಡಿನ ಕಾಫಿ ಮನೆ ಅಮೆರಿಕದಲ್ಲಿ ಇದೇ ಅಂತ ಹೆಸರು.

ಇಲ್ಲಿ ಇದರ ಬಗ್ಗೆ ಓದಿದವರು, ಹೋಗಿ ಬಂದವರು ಯಾರಾದರೂ ಇದ್ದರೆ ಬರೆಯಿರಿ. ನನಗೆ ಗೊತ್ತಿರುವುದನ್ನು ನಾನು ಬರೆಯುತ್ತಾ ಹೋಗುತ್ತೇನೆ.

ಬೀದಿದೀಪ:

ಒಳ್ಳೆ ವಿಷಯ ಎತ್ತಿದಿರಿ. ಆದರೆ ಈ ಕಥೆ ಶುರುವಾಗುವುದು ಸಾರಾಟೋಗಾದಲ್ಲಲ್ಲ ಸರ್, ನ್ಯೂಯಾರ್ಕ್ ನಗರದ ಗ್ರೀನಿಚ್ ವಿಲೇಜಿನಲ್ಲಿ. ಮ್ಯಾಕ್‌ಡೂಗಲ್ ಸ್ಟ್ರೀಟ್ ಅಂತ ಒಂದು ಬೀದಿ ಇದೆ, ಈ ತುದಿಯಿಂದ ಆ ತುದಿಗೆ ಸ್ವಲ್ಪ ಹೊತ್ತಿನ ನಡಿಗೆ. ಇಟಲಿಯವರು ಜಾಸ್ತಿ ಇದ್ದ ಕೇರಿ ಅದು. ಕೆಫೆ ರೆಜಿಯೊ ಅಲ್ಲಿ 1927ರಿಂದಲೇ ಇತ್ತು, ಈಗಲೂ ಇದೆ. ಅಂದರೆ ಗಂಟೆಗಟ್ಟಲೆ ಒಂದೇ ಕಪ್ ಕಾಫಿ ಇಟ್ಟುಕೊಂಡು ಕೂರುವ ಪದ್ಧತಿ ಹಾಡುಗಾರರು ತಂದದ್ದಲ್ಲ, ಮೊದಲೇ ಇತ್ತು. 50ರ ದಶಕದ ಕೊನೆಗೆ ಅದಕ್ಕೆ ಹಾಡು, ಕವಿತೆ ಬಂದು ಸೇರಿಕೊಂಡವು.

1957ರಲ್ಲಿ ಇಜ್ಜಿ ಯಂಗ್ ಎಂಬವರು ಅದೇ ಬೀದಿಯ 110ನೇ ನಂಬರಿನಲ್ಲಿ ಫೋಕ್‌ಲೋರ್ ಸೆಂಟರ್ ತೆರೆದರು. ಪುಸ್ತಕ, ರೆಕಾರ್ಡು, ತಂತಿ ಮಾರುವ ಅಂಗಡಿ. ಹೆಸರಿಗೆ ಅಂಗಡಿ, ನಿಜಕ್ಕೂ ಅದು ಹಾಡುಗಾರರ ಅಡ್ಡೆ. 1958ರಲ್ಲಿ 116ನೇ ನಂಬರಿನ ನೆಲಮಾಳಿಗೆಯಲ್ಲಿ ಜಾನ್ ಮಿಚೆಲ್ ಗ್ಯಾಸ್‌ಲೈಟ್ ಕೆಫೆ ಶುರು ಮಾಡಿದರು. ಮರುವರ್ಷ ಎದುರು ಸಾಲಿನ 115ರಲ್ಲಿ ಮ್ಯಾನಿ ರಾತ್ ಅವರ ಕೆಫೆ ವಾ. ಡಿಲನ್ 1961ರ ಜನವರಿಯಲ್ಲಿ ಚಳಿಯಲ್ಲಿ ನಡುಗುತ್ತಾ ಊರಿಗೆ ಬಂದವರು ಮೊದಲು ಹಾಡಿದ್ದು ಇಲ್ಲಿ. ಒಂದೇ ಬೀದಿ ನೋಡಿ, ಎದುರು ಬದುರು.

ಓದುಗಿ:

ನನಗೆ ಹಾಡಿಗಿಂತ ಕವಿತೆಯ ಕಡೆ ಒಲವು, ಅದಕ್ಕೆ ಕೇಳುತ್ತೇನೆ. ಕವಿತೆ ಓದಿದ ಮೇಲೆ ಜನ ಚಪ್ಪಾಳೆ ಬದಲು ಚಿಟಿಕೆ ಹೊಡೆಯುವುದನ್ನು ನೋಡಿರುತ್ತೀರಿ ಅಲ್ವಾ? ಅದು ಹುಟ್ಟಿದ್ದು ಗ್ಯಾಸ್‌ಲೈಟಿನಲ್ಲಿ ಅಂತ ಎಲ್ಲೋ ಓದಿದ್ದೆ. ಕಾರಣ ಏನು? ಸುಮ್ನೆ ಶೋಕಿಗೆ ಬಂದದ್ದಾ?

ಬೀದಿದೀಪ:

ಶೋಕಿ ಅಲ್ಲ ಮೇಡಂ, ಮೇಲಿನ ಮನೆಯವರ ನಿದ್ದೆ! ಅಲ್ಲಿ ಹಾಡುತ್ತಿದ್ದವರು ಹೇಳುತ್ತಾ ಬಂದಿರುವ ಕಥೆ ಇದು. ಆ ಕಟ್ಟಡದಲ್ಲಿ ಗಾಳಿಗೆ ಅಂತ ಕೆಳಗಿನಿಂದ ಮೇಲಿನವರೆಗೆ ಕಿಂಡಿ ಬಿಟ್ಟಿದ್ದರು. ನೆಲಮಾಳಿಗೆಯಲ್ಲಿ ಚಪ್ಪಾಳೆ ತಟ್ಟಿದರೆ ಆ ಕಿಂಡಿಯಲ್ಲಿ ಹತ್ತಿ ಎಲ್ಲ ಮಹಡಿಗೂ ಕೇಳುತ್ತಿತ್ತು. ರಾತ್ರಿ ಒಂದು ಗಂಟೆಗೆ ಯಾರು ಸಹಿಸುತ್ತಾರೆ? ಪೊಲೀಸರಿಗೆ ದೂರು ಹೋಗುತ್ತಿತ್ತು. ಅದಕ್ಕೆ ಚಿಟಿಕೆ. ಆಮೇಲೆ ಅದೇ ಒಂದು ರೂಢಿಯಾಯಿತು, ಕಾರಣ ಮರೆತುಹೋಯಿತು.

ಆ ಜಾಗದ ಬಗ್ಗೆ ಇನ್ನೊಂದು ಮಾತು. ಅದು ಮೊದಲು ಕಲ್ಲಿದ್ದಲು ತುಂಬಿಡುತ್ತಿದ್ದ ನೆಲಮಾಳಿಗೆ. ಮಾಡು ಎಷ್ಟು ತಗ್ಗು ಅಂದರೆ ನೆಟ್ಟಗೆ ನಿಲ್ಲಲು ಆಗುತ್ತಿರಲಿಲ್ಲ. ಮಾಡು ಎತ್ತರಿಸುವ ಹಾಗಿಲ್ಲವಲ್ಲ, ಮಿಚೆಲ್ ನೆಲವನ್ನೇ ಅಗೆದು ಇಳಿಸಿದರು.

ನಿಮಗೆ ಇಷ್ಟವಾಗುವ ವಿಷಯ ಈಗ ಹೇಳುತ್ತೇನೆ. ಗ್ಯಾಸ್‌ಲೈಟ್ ಶುರುವಾದಾಗ ಅಲ್ಲಿ ರಾಜರು ಕವಿಗಳು. ಅಲೆನ್ ಗಿನ್ಸ್‌ಬರ್ಗ್, ಗ್ರೆಗರಿ ಕೋರ್ಸೊ ಇವರೆಲ್ಲ ಓದುತ್ತಿದ್ದರು. ಊರ ಹೊರಗಿನಿಂದ ಜನ ಬರುತ್ತಿದ್ದದ್ದು ಬೀಟ್ ಕವಿಗಳು ಅಂತ ಹೆಸರಾಗಿದ್ದ ಈ ಬಂಡಾಯದ ಕವಿಗಳನ್ನು ನೋಡಲು. ಆ ಬೀದಿಯಲ್ಲಿ ಜನಪದ ಹಾಡುಗಾರರಿಗೆ ಇದ್ದ ಕೆಲಸವನ್ನು ಅಲ್ಲೇ ಹಾಡುತ್ತಿದ್ದ ಡೇವ್ ವ್ಯಾನ್ ರಾಂಕ್ ಆಮೇಲೆ ಹೇಳಿಕೊಂಡಿದ್ದಾರೆ. ಕವಿತೆ ಮುಗಿದ ಮೇಲೆ ಕುರ್ಚಿ ಖಾಲಿ ಆಗಬೇಕು, ಹೊಸ ಗಿರಾಕಿ ಬಂದು ಕೂರಬೇಕು. ಅದಕ್ಕೆ ಒಬ್ಬ ಹಾಡುಗಾರನನ್ನು ಮೂರು ಹಾಡಿಗೆ ನಿಲ್ಲಿಸುತ್ತಿದ್ದರಂತೆ. ಅವನ ಹಾಡು ಕೇಳಿ ಜನ ಎದ್ದು ಹೋಗಬೇಕು. ಹೋಗದಿದ್ದರೆ ಅವನ ಕೆಲಸ ಹೋಗುತ್ತಿತ್ತು. ಎರಡು ಮೂರು ವರ್ಷದಲ್ಲಿ ಎಲ್ಲ ತಿರುಗುಮುರುಗಾಯಿತು, ಜನ ಹಾಡಿಗೆ ಕೂತುಕೊಳ್ಳಲು ಶುರು ಮಾಡಿದರು, ಕವಿಗಳು ಪಕ್ಕಕ್ಕೆ ಸರಿದರು.

ಓದುಗಿ:

ಓದಿ ಬೇಜಾರಾಯಿತು, ಖುಷಿಯೂ ಆಯಿತು. ಪಕ್ಕಕ್ಕೆ ಸರಿದರು ಅನ್ನುವುದಕ್ಕಿಂತ ಕವಿತೆ ಹಾಡಿನೊಳಗೆ ಹೋಗಿ ಕೂತಿತು ಅನ್ನಬಹುದೇನೋ. ಒಂದೇ ಕೋಣೆಯಲ್ಲಿ ರಾತ್ರಿಯೆಲ್ಲ ಕವಿತೆ ಕೇಳಿದ ಹುಡುಗ ಮರುದಿನ ಹಾಡು ಕಟ್ಟಲು ಕೂತರೆ ಅವನ ಸಾಲು ಉದ್ದವಾಗದೆ ಇರುತ್ತದಾ? ಅಲ್ಲಿಯವರೆಗಿನ ಜನಪದ ಹಾಡಿನಲ್ಲಿ ಕಥೆ ಇರುತ್ತಿತ್ತು: ಇವನು ಕೊಂದ, ಅವಳು ಅತ್ತಳು, ಹಡಗು ಮುಳುಗಿತು. 1962, 63ಕ್ಕೆ ಬರುವಷ್ಟರಲ್ಲಿ ಅದೇ ರಾಗದ ಮೇಲೆ ಚಿತ್ರದ ಮೇಲೆ ಚಿತ್ರ ಪೇರಿಸುವ ಸಾಲುಗಳು ಬಂದವು. 2016ರಲ್ಲಿ ಡಿಲನ್‌ಗೆ ಸಾಹಿತ್ಯದ ನೊಬೆಲ್ ಬಂದಾಗ ಹಾಡು ಬೇರೆ, ಕವಿತೆ ಬೇರೆ ಅಂತ ಎಷ್ಟೊಂದು ಜಗಳ ಆಯಿತು. ಆ ನೆಲಮಾಳಿಗೆಯಲ್ಲಿ ಕೂತಿದ್ದವರಿಗೆ ಆ ಜಗಳ ಅರ್ಥವೇ ಆಗುತ್ತಿರಲಿಲ್ಲ ಅಂತ ನನಗೆ ಅನ್ನಿಸುತ್ತದೆ.

ಹಳೆತಂತಿ:

ಮೇಡಂ ಹೇಳಿದ್ದು ನೂರಕ್ಕೆ ನೂರು ಒಪ್ಪುತ್ತೇನೆ. ಬೀದಿದೀಪ ಅವರು ಮೂರು ಹಾಡಿನ ಮಾತು ತೆಗೆದರಲ್ಲ, ಅಲ್ಲಿಂದಲೇ ನಾನು ಹೇಳಬೇಕಿದ್ದ ವಿಷಯಕ್ಕೆ ಬರುತ್ತೇನೆ.

ಮ್ಯಾಕ್‌ಡೂಗಲ್ ಸ್ಟ್ರೀಟಿನ ಬಹಳಷ್ಟು ಕೆಫೆಗಳಲ್ಲಿ ಹಾಡುಗಾರನಿಗೆ ಸಂಬಳ ಇರಲಿಲ್ಲ. ಹಾಡಿ ಮುಗಿಸಿದ ಮೇಲೆ ಒಂದು ಬುಟ್ಟಿ ಹಿಡಿದು ಜನರ ನಡುವೆ ಹೋಗಬೇಕು, ಹಾಕಿದಷ್ಟು ಅವನದು. ಬ್ಯಾಸ್ಕೆಟ್ ಹೌಸ್ ಅಂತಲೇ ಅವಕ್ಕೆ ಹೆಸರು. ಒಂದೇ ರಾತ್ರಿ ನಾಲ್ಕು ಕಡೆ ಓಡಿ ಹಾಡಿದವರಿದ್ದಾರೆ. ಬುಟ್ಟಿಯಲ್ಲಿ ಕಾಸು ಬೀಳಬೇಕಾದರೆ ಮೊದಲ ಸಾಲಿಗೇ ಜನರ ಮುಖ ಇತ್ತ ತಿರುಗಬೇಕು. ಜೋರಾಗಿ ಹಾಡಬೇಕು, ನಗಿಸಬೇಕು. ಹನ್ನೆರಡು ಚರಣದ ನಿಧಾನದ ಹಾಡು ಎತ್ತಿಕೊಂಡರೆ ಬುಟ್ಟಿ ಖಾಲಿ. ಅದರಿಂದ ಕೆಲವರು ಚುರುಕಾದರು, ನಿಜ. ಆದರೆ ಆ ರೀತಿಗೆ ಒಗ್ಗದ ಹಾಡುಗಳೂ ಇರುತ್ತವೆ, ಹಾಡುವವರೂ ಇರುತ್ತಾರೆ.

ಲೀನಾ ಅವರ ಮಹಡಿಯಲ್ಲಿ ಬುಟ್ಟಿ ಇರಲಿಲ್ಲ. ಬಾಗಿಲಲ್ಲಿ ಸ್ವಲ್ಪ ದುಡ್ಡು ಕೊಟ್ಟು ಒಳಗೆ ಬರಬೇಕು, ಹಾಡುವವನಿಗೆ ಇಷ್ಟು ಅಂತ ಮೊದಲೇ ಮಾತಾಗಿರುತ್ತದೆ. ಹಣ ಜಾಸ್ತಿ ಏನಲ್ಲ. ಆದರೆ ಬಂದ ಹಾಡುಗಾರ ಅವರ ಮನೆಯಲ್ಲೇ ಉಳಿಯಬಹುದು, ಅಡುಗೆ ಅವರದೇ. ಮದ್ಯ ಇಲ್ಲ. ಎಂಬತ್ತು ಚಿಲ್ಲರೆ ಕುರ್ಚಿ, ಕಿರಿದಾದ ಮೆಟ್ಟಿಲು. ಮುಖ್ಯವಾಗಿ, ಹಾಡು ಶುರುವಾದ ಮೇಲೆ ಮಾತಾಡುವ ಹಾಗಿಲ್ಲ.

1961ರಲ್ಲಿ ಡಿಲನ್ ಅಲ್ಲಿಗೆ ಹೋದಾಗ ಆದದ್ದು ಕೇಳಿ. ಆಗ ಅವರ ಹೆಸರು ಯಾರಿಗೂ ಗೊತ್ತಿಲ್ಲ. ವ್ಯಾನ್ ರಾಂಕ್ ಹೆಂಡತಿ ಟೆರಿ ಥಾಲ್ ಆಗ ಡಿಲನ್ ಪರವಾಗಿ ಅವಕಾಶ ಕೇಳಿಕೊಂಡು ಓಡಾಡುತ್ತಿದ್ದರು, ಅವರೇ ಲೀನಾಗೆ ಹೇಳಿ ಒಪ್ಪಿಸಿದ್ದು. ಬಂದಿದ್ದ ಜನರಿಗೆ ಆ ಮೂಗುದನಿ ಹಿಡಿಸಲಿಲ್ಲ, ತಮ್ಮ ತಮ್ಮಲ್ಲೇ ಮಾತಿಗೆ ಶುರುವಿಟ್ಟರು. ಬಿಲ್ ಇನ್ನೂ ಊರಲ್ಲಿದ್ದ ಕಾಲ. ಸೀದಾ ವೇದಿಕೆ ಹತ್ತಿ ಜನರನ್ನು ಬೈದರು. ಈ ಹುಡುಗ ಏನು ಹಾಡುತ್ತಿದ್ದಾನೆ ಅಂತ ನಿಮಗೆ ಬೇಕಾಗಿಲ್ಲದೆ ಇರಬಹುದು, ಆದರೂ ಬಾಯಿ ಮುಚ್ಚಿ ಕೇಳಿ ಅನ್ನುವ ಅರ್ಥದ ಮಾತು. ದುಡ್ಡು ಕೊಟ್ಟು ಬಂದ ಗಿರಾಕಿಗೆ ಹಾಗೆ ಹೇಳುವ ಹೋಟೆಲಿನವರು ಎಲ್ಲಿ ಸಿಗುತ್ತಾರೆ ಹೇಳಿ?

ಗಿಟಾರ್‌ಮಾಸ್ತರ್:

ನಾನು ಗಿಟಾರ್ ಕಲಿಸುವವನು. ನನಗೆ ಈ ಕೋಣೆಗಳ ಅಳತೆಯೇ ಮುಖ್ಯ ಅನ್ನಿಸುತ್ತದೆ, ಅದನ್ನು ಯಾರೂ ಹೇಳುವುದಿಲ್ಲ. ಮಿಸಿಸಿಪ್ಪಿ ಜಾನ್ ಹರ್ಟ್ ಅವರನ್ನೇ ತೆಗೆದುಕೊಳ್ಳಿ. ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಗಡಿಯಾರದ ಹಾಗೆ ತಾಳ ಹಾಕುತ್ತಾ ಇರುತ್ತದೆ, ಉಳಿದ ಎರಡು ಬೆರಳು ಸಣ್ಣ ತಂತಿಯಲ್ಲಿ ರಾಗ ನುಡಿಸುತ್ತವೆ. ದನಿ ಪಿಸುಮಾತಿನಷ್ಟು. ಗಲಾಟೆ ಇರುವ ಬಾರಿನಲ್ಲಿ ಅದು ಕೇಳಿಸುವುದೇ ಇಲ್ಲ. ದೊಡ್ಡ ಸಭಾಂಗಣದಲ್ಲಿ ಕೇಳಿಸಿದರೂ ಬೆರಳು ಕಾಣುವುದಿಲ್ಲ. ಕಾಫಿ ಮನೆಯಲ್ಲಿ ಮಾತ್ರ ಮೂರು ಮಾರು ದೂರದಲ್ಲಿ ಕೂತು ಅವರ ಹೆಬ್ಬೆರಳನ್ನೇ ನೋಡಬಹುದು. ಆಗಿನ ಹುಡುಗರು ಕಲಿತದ್ದೇ ಹಾಗೆ. ಪಾಠದ ಪುಸ್ತಕ ಎಲ್ಲಿತ್ತು?

ಅವರ ಕಥೆಯೂ ಎಷ್ಟು ಚೆನ್ನಾಗಿದೆ. 1928ರಲ್ಲಿ ಓಕೆ ಕಂಪನಿಗೆ ಕೆಲವು ಹಾಡು ರೆಕಾರ್ಡ್ ಮಾಡಿದರು. ರೆಕಾರ್ಡು ಹೆಚ್ಚು ಮಾರಾಟ ಆಗಲಿಲ್ಲ, ಹೊಲದ ಕೆಲಸಕ್ಕೆ ವಾಪಸ್ ಹೋದರು. 1952ರಲ್ಲಿ ಫೋಕ್‌ವೇಸ್ ಕಂಪನಿ ಹಳೆ ರೆಕಾರ್ಡುಗಳಿಂದ 84 ಹಾಡು ಆರಿಸಿ ಒಂದು ಸಂಗ್ರಹ ತಂದಿತು, ಅದರಲ್ಲಿ ಇವರ ಎರಡು ಹಾಡು. ನಗರದ ವಿದ್ಯಾರ್ಥಿಗಳು ಅದನ್ನು ಸವೆಯುವವರೆಗೆ ಕೇಳಿದರು. ಈ ಮನುಷ್ಯ ಬದುಕಿದ್ದಾರೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಅವರ ಒಂದು ಹಾಡಿನಲ್ಲಿ ಅವಲಾನ್ ನನ್ನ ಊರು ಅನ್ನುವ ಮಾತು ಬರುತ್ತದೆ. ಆ ಒಂದು ಮಾತು ಹಿಡಿದುಕೊಂಡು 1963ರಲ್ಲಿ ಟಾಮ್ ಹಾಸ್ಕಿನ್ಸ್ ಎಂಬ ಹುಡುಗ ಮಿಸಿಸಿಪ್ಪಿಯ ಅವಲಾನ್ ಹುಡುಕಿಕೊಂಡು ಹೋದ. ಎಪ್ಪತ್ತರ ಆಸುಪಾಸಿನ ಹರ್ಟ್ ಅಲ್ಲೇ ಇದ್ದರು, ಬೆರಳೂ ಹಾಗೇ ಇತ್ತು. ಅದೇ ವರ್ಷ ನ್ಯೂಪೋರ್ಟ್ ಊರಿನ ದೊಡ್ಡ ಜನಪದ ಹಾಡಿನ ಹಬ್ಬದಲ್ಲಿ ಹಾಡಿದರು, ಆಮೇಲೆ ಗ್ಯಾಸ್‌ಲೈಟಿನಂಥ ಕೋಣೆಗಳಲ್ಲಿ. 1966ರಲ್ಲಿ ತೀರಿಕೊಂಡರು. ಮೂರೇ ವರ್ಷ. ಆ ಮೂರು ವರ್ಷಕ್ಕೆ ಕೂರಿಸಲು ಆ ಸಣ್ಣ ಕೋಣೆಗಳು ಇಲ್ಲದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದರೆ ಹೊಟ್ಟೆ ಚುರ್ ಅನ್ನುತ್ತದೆ.

ಬೀದಿದೀಪ:

ಮಾಸ್ತರೇ, ಇದನ್ನು ನೀವು ಬೇರೆಯಾಗಿಯೇ ಒಂದು ಬರಹ ಮಾಡಿ ದಯವಿಟ್ಟು.

ಓದುಗಿ:

ಇನ್ನೊಂದು ವಿಷಯ. ಹಳೆತಂತಿ ಅವರು ಬಾಗಿಲು ತೆಗೆದಿಟ್ಟವರ ಹೆಸರು ನೆನಪಿರುವುದಿಲ್ಲ ಅಂದರಲ್ಲ, ಅದರಲ್ಲೂ ಹೆಂಗಸರ ಹೆಸರು ಇನ್ನೂ ಬೇಗ ಮರೆಯುತ್ತದೆ. ಮ್ಯಾಸಚೂಸೆಟ್ಸಿನ ಕೇಂಬ್ರಿಜ್‌ನಲ್ಲಿ ಹಾರ್ವರ್ಡ್ ಪಕ್ಕ, ಮೌಂಟ್ ಆಬರ್ನ್ ಸ್ಟ್ರೀಟಿನ 47ನೇ ನಂಬರಿನಲ್ಲಿ ಕ್ಲಬ್ 47 ಇತ್ತು. 1958ರಲ್ಲಿ ಅದನ್ನು ಶುರು ಮಾಡಿದ್ದು ಜಾಯ್ಸ್ ಕಲೀನಾ, ಪೌಲಾ ಕೆಲ್ಲಿ ಎಂಬ ಇಬ್ಬರು ಹುಡುಗಿಯರು, ಆಗಷ್ಟೇ ಕಾಲೇಜು ಮುಗಿಸಿದವರು. ಅವರು ತೆರೆದದ್ದು ಜಾಜ್ ಕೇಳಿಸಲು. ಅದೇ ವರ್ಷ 17 ವಯಸ್ಸಿನ ಜೋನ್ ಬಯೆಜ್ ಅಲ್ಲಿ ಹಾಡಿದರು, ಹತ್ತು ಡಾಲರ್ ಕೊಟ್ಟರು. ಕೇಳಲು ಬಂದವರು ಬೆರಳೆಣಿಕೆಯಷ್ಟು. ಮರುವರ್ಷ ನ್ಯೂಪೋರ್ಟ್ ಹಬ್ಬದಲ್ಲಿ ಅದೇ ಹುಡುಗಿಯನ್ನು ಸಾವಿರಾರು ಜನ ಕೇಳಿದರು.

ಆ ಕ್ಲಬ್ 1963ರಲ್ಲಿ ಪಾಮರ್ ಸ್ಟ್ರೀಟಿಗೆ ಹೋಯಿತು, 1968ರಲ್ಲಿ ಮುಚ್ಚಿತು. ಅದೇ ಜಾಗದಲ್ಲಿ ಪ್ಯಾಸಿಮ್ ಬಂತು. ಬಾಬ್ ಮತ್ತು ರೇ ಆ್ಯನ್ ಡಾನ್ಲಿನ್ ದಂಪತಿ ಅದನ್ನು ವರ್ಷಗಟ್ಟಲೆ ನಡೆಸಿದರು. ಈಗಲೂ ಅಲ್ಲಿ ಹಾಡಿದೆ.

ಲೀನಾ, ಜಾಯ್ಸ್, ಪೌಲಾ, ರೇ ಆ್ಯನ್, ಅತ್ತ ಟೆರಿ ಥಾಲ್. ಹಾಡಿನ ಚರಿತ್ರೆ ಬರೆಯುವಾಗ ಇವರೆಲ್ಲ ಅಡುಗೆಮನೆಯಲ್ಲೇ ಉಳಿದುಬಿಡುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಯಾರನ್ನು ಹಾಡಿಸಬೇಕು, ಯಾರಿಗೆ ಇನ್ನೊಂದು ಅವಕಾಶ ಕೊಡಬೇಕು ಅಂತ ಆರಿಸುವುದೂ ಕಲೆಯೇ. ಕಿವಿ ಬೇಕು ಅದಕ್ಕೆ.

ಲೆಕ್ಕದಪುಸ್ತಕ:

ಎಲ್ಲವನ್ನೂ ಓದಿದೆ. ಖುಷಿ ಆಯಿತು, ಆದರೆ ಒಂದು ಅಡ್ಡ ಮಾತು ಹೇಳಲೇಬೇಕು, ಯಾರೂ ಬೇಜಾರು ಮಾಡಿಕೊಳ್ಳಬೇಡಿ. ಈ ಜಾಗಗಳು ಯಾಕೆ ಮುಚ್ಚಿದವು ಅಂತ ಕೇಳಿದರೆ ಎಲ್ಲರೂ 1964ರಲ್ಲಿ ಬೀಟಲ್ಸ್ ಅಮೆರಿಕಕ್ಕೆ ಬಂದರು, 1965ರಲ್ಲಿ ಡಿಲನ್ ನ್ಯೂಪೋರ್ಟಿನಲ್ಲಿ ಎಲೆಕ್ಟ್ರಿಕ್ ಗಿಟಾರ್ ಹಿಡಿದರು, ಜನಪದ ಮುಗಿಯಿತು ಅನ್ನುತ್ತಾರೆ. ಅಷ್ಟೇ ಅಲ್ಲ. ಲೆಕ್ಕ ನೋಡಿ. ಒಬ್ಬ ಗಿರಾಕಿ ಒಂದು ಕಪ್ ಕಾಫಿ ತೆಗೆದುಕೊಂಡು ಮೂರು ಗಂಟೆ ಕೂರುತ್ತಾನೆ. ಮದ್ಯ ಮಾರುವ ಹಾಗಿಲ್ಲ. ಎಂಬತ್ತೇ ಕುರ್ಚಿ. ಹಾಡು ಚೆನ್ನಾಗಿದ್ದಷ್ಟೂ ಜನ ಏಳುವುದಿಲ್ಲ, ವ್ಯಾಪಾರ ಆಗುವುದಿಲ್ಲ. ಹಾಡುಗಾರನಿಗೆ ಹೆಸರು ಬಂದ ಕೂಡಲೇ ಅವನನ್ನು ಕರೆಸುವ ಶಕ್ತಿ ಆ ಕೋಣೆಗೆ ಇರುವುದಿಲ್ಲ. ಅಂದರೆ ತಾನು ಬೆಳೆಸಿದವರ ಫಲ ತನಗೇ ಸಿಗುವುದಿಲ್ಲ. ಇಂಥ ಅಂಗಡಿ ಹೇಗೆ ಉಳಿದೀತು? ಬೀದಿಗೆ ಹೆಸರು ಬಂದರೆ ಬಾಡಿಗೆಯೂ ಏರುತ್ತದೆ. ಗ್ಯಾಸ್‌ಲೈಟ್ 1971ರಲ್ಲಿ ಮುಚ್ಚಿತು.

ಕಾನೂನಿನ ಕಾಟ ಬೇರೆ. ನ್ಯೂಯಾರ್ಕ್ ನಗರದಲ್ಲಿ 1926ರ ಕ್ಯಾಬರೆ ಕಾನೂನು ಇತ್ತು. ಊಟ ತಿಂಡಿ ಮಾರುವ ಕಡೆ ಹಾಡು ಕುಣಿತ ಇಟ್ಟುಕೊಂಡರೆ ಲೈಸೆನ್ಸ್ ಬೇಕು. ಕವಿತೆ ಓದುವುದನ್ನೂ ಮನರಂಜನೆ ಅಂತ ಲೆಕ್ಕ ಹಿಡಿದು ಕಾಫಿ ಮನೆಗಳ ಹಿಂದೆ ಬಿದ್ದರು. 1940ರಿಂದ 1967ರವರೆಗೆ ಕ್ಲಬ್ಬುಗಳಲ್ಲಿ ಹಾಡುವವರೂ ಪೊಲೀಸರಿಂದ ಕಾರ್ಡ್ ಮಾಡಿಸಿಕೊಳ್ಳಬೇಕಿತ್ತು. ಕ್ಯಾಬರೆ ಕಾನೂನು ಪೂರ್ತಿ ತೆಗೆದದ್ದು 2017ರಲ್ಲಿ. 1961ರ ವಸಂತದಲ್ಲಿ ವಾಷಿಂಗ್ಟನ್ ಸ್ಕ್ವೇರ್ ಪಾರ್ಕಿನಲ್ಲಿ ಭಾನುವಾರ ಹಾಡಲೂ ಅನುಮತಿ ಕೊಡಲಿಲ್ಲ. ಏಪ್ರಿಲ್ 9ಕ್ಕೆ ಇಜ್ಜಿ ಯಂಗ್ ಮುಂದೆ ನಿಂತು ಪ್ರತಿಭಟನೆ ಮಾಡಿದರು, ಪೊಲೀಸರ ಜೊತೆ ತಳ್ಳಾಟ ಆಯಿತು, ಕೆಲವರನ್ನು ಹಿಡಿದುಕೊಂಡು ಹೋದರು. ಮುಂದಿನ ತಿಂಗಳು ಅನುಮತಿ ವಾಪಸ್ ಬಂತು.

ಈಗ ನನ್ನ ಅಡ್ಡ ಮಾತು. ಲೀನಾ ಅವರ ಕಾಫಿ ಮನೆ ಉಳಿದದ್ದು ಹೇಗೆ? ಅವರು ಜೀವನಪೂರ್ತಿ ಸಾಲದಲ್ಲಿ ಇದ್ದದ್ದರಿಂದ. ತಮಗೆ ಅಂತ ಏನೂ ಇಟ್ಟುಕೊಳ್ಳದೆ ಇದ್ದದ್ದರಿಂದ. ಇದನ್ನು ನಾವು ತ್ಯಾಗ ಅಂತ ಹಾಡಿ ಹೊಗಳುವುದು ಸರಿಯಾ? ಒಬ್ಬ ಹೆಂಗಸು ಮೂವತ್ತು ವರ್ಷ ಬರಿಗೈಯಲ್ಲಿ ದುಡಿದರೆ ಮಾತ್ರ ಹಾಡು ಉಳಿಯುತ್ತದೆ ಅನ್ನುವುದಾದರೆ ಅದು ಹೆಮ್ಮೆಯ ವಿಷಯ ಅಲ್ಲ.

ಹಳೆತಂತಿ:

ಲೆಕ್ಕದಪುಸ್ತಕ ಅವರೇ, ಬೇಜಾರು ಯಾಕೆ? ನೀವು ಹೇಳಿದ್ದು ನನಗೂ ರಾತ್ರಿ ನಿದ್ದೆ ಕೆಡಿಸಿದ ಮಾತೇ. ಸಾಲದ ವಿಷಯ ನಿಜ. ಬಾಡಿಗೆ ಕಟ್ಟಲಾಗದೆ ಕುತ್ತಿಗೆಗೆ ಬಂದಾಗ ಅಲ್ಲಿ ಹಾಡಿ ಹೆಸರು ಮಾಡಿದವರು ಬಂದು ಸಹಾಯಾರ್ಥ ಕಛೇರಿ ಮಾಡಿ ದುಡ್ಡು ಎತ್ತಿಕೊಟ್ಟಿದ್ದಾರೆ. ತಾನು ಬೆಳೆಸಿದವರ ಫಲ ತನಗೆ ಸಿಗುವುದಿಲ್ಲ ಅಂದಿರಲ್ಲ, ಪೂರ್ತಿ ಹಾಗಲ್ಲ, ಸ್ವಲ್ಪ ಸಿಕ್ಕಿತು. ಡಾನ್ ಮೆಕ್‌ಲೀನ್ ತರಹದವರು ಯಾರೂ ಕೇಳದ ಕಾಲದಲ್ಲಿ ಅಲ್ಲಿ ಹಾಡಿದವರು. ಯೂಟಾ ಫಿಲಿಪ್ಸ್, ರೊಸಾಲಿ ಸೊರೆಲ್ಸ್ ಇವರಿಗೆ ಅದು ತವರುಮನೆ ಇದ್ದ ಹಾಗೆ.

ಆದರೂ ನಿಮ್ಮ ಪ್ರಶ್ನೆ ಹಾಗೇ ಉಳಿಯುತ್ತದೆ. ಅದಕ್ಕೆ ನನ್ನ ಉತ್ತರ ಇಷ್ಟು. ಲೀನಾ ಅವರನ್ನು ತ್ಯಾಗಮಯಿ ಅಂತ ಕರೆದರೆ ಅವರಿಗೇ ಅನ್ಯಾಯ ಮಾಡಿದಂತೆ. ಅವರಿಗೆ ಅದು ಬೇಕಾಗಿತ್ತು. ನಾಟಕ ಬೇಕಿತ್ತು, ಅಲ್ಲೇ ಸಣ್ಣ ರಂಗಮಂದಿರ ಮಾಡಿಕೊಂಡರು. ಕವಿತೆ ಬೇಕಿತ್ತು, ಕವಿಗಳನ್ನು ಕರೆಸಿ ಓದಿಸಿದರು. ಯೂರೋಪಿಗೆ ಹೋಗಿ ಯಾವ ಬದುಕು ಹುಡುಕಬೇಕು ಅಂದುಕೊಂಡಿದ್ದರೋ ಅದನ್ನು ಆ ಮೆಟ್ಟಿಲ ಮೇಲೇ ಕಟ್ಟಿಕೊಂಡರು. ಆ ಊರು ಕೂಡ ಒಗ್ಗಿತು. ಸ್ಕಿಡ್‌ಮೋರ್ ಕಾಲೇಜು ಆಗ ಬರೀ ಹುಡುಗಿಯರ ಕಾಲೇಜು, ಅವರು ಬರುತ್ತಿದ್ದರು. ಬರಹಗಾರರು ಬಂದು ಉಳಿದು ಬರೆಯುವ ಯಾಡೊ ಅದೇ ಊರಲ್ಲಿದೆ, 1926ರಿಂದ. ಬಾಡಿಗೆ ನ್ಯೂಯಾರ್ಕ್ ನಗರದಷ್ಟು ಇರಲಿಲ್ಲ. 1966ರಲ್ಲಿ ಊರಿಗೆ ದೊಡ್ಡ ಬಯಲು ರಂಗಮಂದಿರ ಬಂತು, ನ್ಯೂಯಾರ್ಕ್ ಸಿಟಿ ಬ್ಯಾಲೆ, ಫಿಲಡೆಲ್ಫಿಯಾ ಆರ್ಕೆಸ್ಟ್ರಾ ಬೇಸಿಗೆಗೆ ಬರತೊಡಗಿದವು. ಲೀನಾ ತಮ್ಮ ಎಂಬತ್ತು ಕುರ್ಚಿ ಬಿಟ್ಟು ಕದಲಲಿಲ್ಲ.

1989ರಲ್ಲಿ ಅದೇ ಕಾಫಿ ಮನೆಯ ಮೆಟ್ಟಿಲಲ್ಲಿ ಬಿದ್ದರು. ಮತ್ತೆ ಏಳಲಿಲ್ಲ, ಅಕ್ಟೋಬರಿನಲ್ಲಿ ತೀರಿಕೊಂಡರು. ಇದನ್ನು ಬರೆಯುವಾಗ ಕೈ ನಿಲ್ಲುತ್ತದೆ.

ಆಮೇಲೆ ಆದದ್ದರಲ್ಲಿ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇದೆ. ಸ್ನೇಹಿತರು, ಊರಿನವರು ಸೇರಿ ಲಾಭಕ್ಕಲ್ಲದ ಸಂಸ್ಥೆ ಮಾಡಿ ನಡೆಸಿದರು. ಇನ್ನು ಒಬ್ಬರ ಬೆನ್ನ ಮೇಲೆ ಎಲ್ಲ ಹೊರಿಸುವುದು ಬೇಡ ಅಂತ. ಸದಸ್ಯರ ದುಡ್ಡು, ದೇಣಿಗೆ, ಸ್ವಯಂಸೇವಕರು. ಪ್ಯಾಸಿಮ್ ಕೂಡ ಆಮೇಲೆ ಅದೇ ದಾರಿ ಹಿಡಿಯಿತು. ಮಿಷಿಗನ್‌ನ ಆ್ಯನ್ ಆರ್ಬರಿನಲ್ಲಿ ದಿ ಆರ್ಕ್ ಅಂತ ಇದೆ, 1965ರಲ್ಲಿ ಚರ್ಚುಗಳು ಸೇರಿ ಶುರು ಮಾಡಿದ್ದು, ಅದೂ ಉಳಿದಿದೆ. ಅಂಗಡಿಯಾಗಿ ನಡೆದವು ಬಹುಪಾಲು ಹೋದವು. ನಾಲ್ಕು ಜನ ಹೆಗಲು ಕೊಟ್ಟ ಕಡೆ ಉಳಿದವು. ನಿಮ್ಮ ಲೆಕ್ಕ ಸರಿ ಅಂತಲೇ ಆಯಿತಲ್ಲ.

ಲೆಕ್ಕದಪುಸ್ತಕ:

ಒಪ್ಪಿದೆ. ಅವರಿಗೆ ಅದು ಬೇಕಾಗಿತ್ತು ಅಂದಿರಲ್ಲ, ಆ ಕಡೆಯಿಂದ ನಾನು ನೋಡಿರಲಿಲ್ಲ.

ಉತ್ತರದಚಳಿ:

ತಡವಾಗಿ ಬಂದೆ, ಕ್ಷಮಿಸಿ. ಕೆಲಸದ ಮೇಲೆ ಆಲ್ಬನಿ ಪಕ್ಕ ಎರಡು ವರ್ಷ ಇದ್ದೆ, ಅಲ್ಲಿಂದ ಸಾರಾಟೋಗಾ ಹತ್ತಿರ. ಹಾಗಾಗಿ ಕೆಫೆ ಲೀನಾಗೆ ನಾನು ಹೋಗಿದ್ದೇನೆ, ಮೂರು ಸಲ. 2016ರಲ್ಲಿ ಕಟ್ಟಡವನ್ನು ದೊಡ್ಡದಾಗಿ ಸರಿಪಡಿಸಿದ್ದಾರೆ, ಈಗ ನೂರಕ್ಕೂ ಸ್ವಲ್ಪ ಹೆಚ್ಚು ಕುರ್ಚಿ. ಲಿಫ್ಟ್ ಹಾಕಿದ್ದಾರೆ. ಆ ಮೆಟ್ಟಿಲಿನ ಕಥೆ ನೀವು ಬರೆದದ್ದು ಓದಿದ ಮೇಲೆ ಲಿಫ್ಟ್ ಯಾಕೆ ಅಷ್ಟು ಮುಖ್ಯ ಅಂತ ಈಗ ಅರ್ಥವಾಯಿತು. ನಾನಾಗ ಗಮನಿಸಿಯೂ ಇರಲಿಲ್ಲ.

ಎರಡನೇ ಸಲ ಹೋದದ್ದು ಕವಿತೆಯ ರಾತ್ರಿಗೆ. ಹೆಸರು ಬರೆಸಿದ ಯಾರು ಬೇಕಾದರೂ ಓದಬಹುದು. ಹೊರಗೆ ಹಿಮ, ಇಪ್ಪತ್ತು ಮೂವತ್ತು ಜನ ಇದ್ದರೇನೋ. ಒಬ್ಬ ವಯಸ್ಸಾದವರು ತಮ್ಮ ತೀರಿಹೋದ ತಮ್ಮನ ಬಗ್ಗೆ ಬರೆದದ್ದನ್ನು ಓದಲು ಎದ್ದರು. ನಡುವೆ ಹಾಳೆ ಕೈಜಾರಿ ಕೆಳಗೆ ಬಿತ್ತು. ಬಗ್ಗಿ ಎತ್ತಿಕೊಂಡು, ಕನ್ನಡಕ ಸರಿ ಮಾಡಿಕೊಂಡು, ಎಲ್ಲಿದ್ದೆ ಅಂತ ಹುಡುಕಿದರು. ಬಹಳ ಹೊತ್ತು ಹಿಡಿಯಿತು. ಆ ಹೊತ್ತಿನಲ್ಲಿ ಕೋಣೆಯಲ್ಲಿ ಒಂದು ಚಮಚದ ಸದ್ದಿಲ್ಲ, ಒಬ್ಬರು ಫೋನ್ ತೆಗೆಯಲಿಲ್ಲ, ಕೆಮ್ಮಲಿಲ್ಲ. ಸುಮ್ನೆ ಕಾದರು. ನಾನು ಎಷ್ಟೋ ದೊಡ್ಡ ಸಭೆಗಳಿಗೆ ಹೋಗಿದ್ದೇನೆ, ಹಾಗೆ ಕಾಯುವ ಜನರನ್ನು ಎಲ್ಲೂ ನೋಡಿಲ್ಲ. 1961ರಲ್ಲಿ ವೇದಿಕೆ ಹತ್ತಿ ಬೈದದ್ದನ್ನು ಮೇಲೆ ಓದಿದಾಗ ನನಗೆ ನೆನಪಾದದ್ದು ಈ ರಾತ್ರಿ.

ಗಿಟಾರ್‌ಮಾಸ್ತರ್:

ಅಲ್ಲಿ ಹಾಡಿನ ರಾತ್ರಿಗೂ ಹೋಗಿದ್ದಿರಾ? ಮೈಕ್ ಇಡುತ್ತಾರಾ, ಇಲ್ಲವಾ?

ಉತ್ತರದಚಳಿ:

ಹೋಗಿದ್ದೆ ಮಾಸ್ತರೇ. ಮೈಕ್ ಇತ್ತು, ಆದರೆ ತುಂಬಾ ಮೆಲ್ಲಗೆ. ನಾನು ಎರಡನೇ ಸಾಲಿನಲ್ಲಿ ಕೂತಿದ್ದೆ. ಹಾಡುತ್ತಿದ್ದ ಹುಡುಗಿಯ ಉಗುರು ತಂತಿಗೆ ತಾಗುವುದು ಕೇಳಿಸುತ್ತಿತ್ತು. ನೀವು ಹೇಳಿದ ಹೆಬ್ಬೆರಳಿನ ತಾಳವೇ, ಈಗ ಗೊತ್ತಾಯಿತು. ಪಕ್ಕದಲ್ಲಿ ಹದಿನಾಲ್ಕು ಹದಿನೈದರ ಒಬ್ಬ ಹುಡುಗ ಅಪ್ಪನ ಜೊತೆ ಬಂದಿದ್ದ. ಹಾಡು ಮುಗಿಯುವವರೆಗೂ ಅವಳ ಬಲಗೈ ಬಿಟ್ಟು ಬೇರೆ ಏನನ್ನೂ ನೋಡಲಿಲ್ಲ, ತೊಡೆ ಮೇಲೆ ತನ್ನ ಬೆರಳು ಆಡಿಸುತ್ತಲೇ ಇದ್ದ.